ಮೊಬೈಲಿನ ಮೈಕಟ್ಟು

ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಬಳಸಬೇಕು, ಎತ್ತಿಡುವ ಜಾಗದಲ್ಲೂ 45 ಡಿಗ್ರಿ ಮೀರಬಾರದು ಎನ್ನುತ್ತದೆ ಆಪಲ್ ಕಂಪನಿಯ ಸೂಚನೆ. ರಾಯಚೂರಿನಲ್ಲಿ ಕೂತು ಓದಿದರೆ ಇದರ ಅರ್ಥ ಇಷ್ಟೆ: ಶಿವರಾತ್ರಿಗೆ ಫೋನ್ ಬಂದ್ ಮಾಡಿ, ಮಿರಗದ ಮಳೆ ಬಿದ್ದ ಮೇಲೆ ಚಾಲೂ ಮಾಡಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಇಲ್ಲಿ ನೆರಳೇ ನಲವತ್ತು ದಾಟಿರುತ್ತದೆ. ಬಿಸಿಲಿನ ಲೆಕ್ಕ ನಾವು ಇಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಫೋನಿನ ಮೈ ಕಡೆಯುವವರನ್ನು ತೀನ್ ಕಂದಿಲ್ ಹತ್ತಿರ ಒಂದು ಮಧ್ಯಾಹ್ನ ನಿಲ್ಲಿಸಿದ್ದರೆ ಎಷ್ಟೋ ವಿಷಯ ಅಲ್ಲೇ ಬಗೆಹರಿಯುತ್ತಿತ್ತು.

ನನ್ನ ಹಿಂದಿನ ಫೋನು ಪೂರಾ ಅಲ್ಯೂಮಿನಿಯಂ. ಕಂಪನಿಯ ಹೆಸರು ಬೇಡ, ಅದರ ಋಣ ತೀರಿದೆ. ಪ್ಲಾಸ್ಟಿಕ್‌ಗಿಂತ ಲೋಹ ನೂರಾರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಒಳಗಿನ ಚಿಪ್ಪಿನ ಬಿಸಿಯೆಲ್ಲ ಹೊರಗೆ ಹೋಗುತ್ತದೆ ಎಂದು ಅಂಗಡಿಯ ಹುಡುಗ ಎ.ಸಿ.ಯಲ್ಲಿ ನಿಂತು ಹೊಗಳಿದ್ದ. ಸುಳ್ಳಲ್ಲ. ಆದರೆ ಶಾಖ ಹರಿಯುವುದು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ, ಮತ್ತು ನಮ್ಮೂರಲ್ಲಿ ಹೊರಗೇ ಹೆಚ್ಚು. ಸ್ಕೂಟರಿನ ಮುಂದಿನ ಖಾನೆಯಲ್ಲಿಟ್ಟುಕೊಂಡು ಸ್ಟೇಷನ್ ರೋಡಿನಿಂದ ಬಂದು, ಬಂದ ಕರೆಗೆ ಕಿವಿ ಕೊಟ್ಟರೆ "ಹಲೋ" ಬದಲು "ಯವ್ವಾ!" ಬಾಯಿಗೆ ಬರುತ್ತಿತ್ತು. ಆ ಕಡೆಯವರು ಗಾಬರಿಯಾಗಿ, "ಯಾಕ್ರಿ, ಯಾರಿಗೆ ಏನಾತು?" ಎಂದು ಕೇಳುವರು. ಸಾಲ ಕೇಳಲು ಫೋನ್ ಮಾಡಿದ ಗೆಳೆಯನೊಬ್ಬ ಸಮಾಧಾನ ಹೇಳಿ ಇಟ್ಟುಬಿಟ್ಟ. ಆ ಫೋನಿನಿಂದ ಆದ ಲಾಭ ಅದೊಂದೇ.

ಬಿಸಿ ಹೋಗಲಿ, ಅದು ನಮಗೆ ಹುಟ್ಟಿದಂದಿನಿಂದ ಗೊತ್ತು. ಲೋಹದ ಮೈಯ ನಿಜವಾದ ತಕರಾರು ರೇಂಜಿನದು. ಸಂದಿಯಿಲ್ಲದೆ ಸುತ್ತಿದ ಲೋಹವನ್ನು ರೇಡಿಯೊ ಅಲೆ ದಾಟುವುದಿಲ್ಲ. ಹೋಟೆಲಿನವರು ರೊಟ್ಟಿ ಕಟ್ಟಿಕೊಡುವ ಬೆಳ್ಳಿಬಣ್ಣದ ಹಾಳೆಯಷ್ಟು ತೆಳುವಿದ್ದರೂ ಸಾಕು, ತಡೆಯುತ್ತದೆ. ಮೈಕೆಲ್ ಫ್ಯಾರಡೆ 1836ರಲ್ಲಿ ಲೋಹದ ಹಾಳೆ ಹೊದಿಸಿದ ಕೋಣೆ ಕಟ್ಟಿ, ಹೊರಗಿನ ವಿದ್ಯುತ್ತಿನ ಆರ್ಭಟ ಒಳಗೆ ಬರುವುದಿಲ್ಲವೆಂದು ತೋರಿಸಿದ್ದ. ಅದನ್ನು ನೋಡಲು ಲಂಡನ್ನಿಗೇನೂ ಹೋಗಬೇಕಿಲ್ಲ, ಮಾನ್ವಿಯಲ್ಲಿ ನಮ್ಮ ಭಾವ ಲೆಕ್ಕ ಬರೆಯುವ ಅಕ್ಕಿ ಗಿರಣಿಗೆ ಬಂದರಾಯಿತು. ಮೇಲೆ ತಗಡು, ಸುತ್ತ ತಗಡು, ನಡುವೆ ಎಪ್ಪತ್ತೈದು ಕೆ.ಜಿ.ಯ ಭತ್ತದ ಚೀಲಗಳ ರಾಶಿ. ಗಿರಣಿಯ ಧಣಿ ಭೌತಶಾಸ್ತ್ರ ಓದಿದವರಲ್ಲ, ಆದರೆ ಫ್ಯಾರಡೆಗಿಂತ ಚೆನ್ನಾಗಿ ಬಳಸಬಲ್ಲರು. ಅಕ್ಕಿ ಕೊಳ್ಳುವವನ ಕರೆ ಬಂದರೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಭತ್ತದ ಬಾಕಿ ಕೇಳುವ ರೈತನ ಕರೆ ಬಂದರೆ ಮಾತಾಡುತ್ತ ಮಾತಾಡುತ್ತ ಒಳಗೆ ನಡೆಯುತ್ತಾರೆ. ಮೂರನೆಯ ಕಂಬದ ಹತ್ತಿರ "ಟಾವರ್ ಇಲ್ಲೋ ತಮ್ಮಾ, ಕೇಳವಲ್ದು" ಎನ್ನುವಾಗ ಅವರು ಹೇಳುವುದು ನೂರಕ್ಕೆ ನೂರು ಸತ್ಯ.

ಇಂಥ ತಗಡಿನ ಷೆಡ್ಡನ್ನೇ ಸಣ್ಣದು ಮಾಡಿ ಕೈಗೆ ಕೊಟ್ಟು, ಅದರೊಳಗಿಂದ ಮಾತಾಡಿ ಎಂದರೆ ಹೇಗೆ? ಕಂಪನಿಗಳು ಲೋಹವನ್ನು ಅಲ್ಲಲ್ಲಿ ಸೀಳಿ ಪ್ಲಾಸ್ಟಿಕ್ ತುಂಬಿದವು. 2013ರ ಎಚ್‌ಟಿಸಿ ಒನ್, 2014ರ ಐಫೋನ್ 6, ಎಲ್ಲದರ ಬೆನ್ನಿಗೂ ಗೆರೆಗಳು. ನನ್ನ ಫೋನಿಗೂ ಇದ್ದವು, ಬೆಳ್ಳಗೆ. ಅವ್ವ ತಿರುಗಿಸಿ ನೋಡಿ, "ಇದಕ್ಕೂ ಇಬತ್ತಿ ಹಚ್ಯಾರೇನೋ?" ಎಂದಳು. ಆ ಇಬತ್ತಿಯ ದಾರಿಯಲ್ಲೇ ಮಾತು ಹೊರಗೆ ಹೋಗಿ ಒಳಗೆ ಬರಬೇಕು. ಅಂದಗೆಡಿಸುತ್ತವೆಂದು ವಿನ್ಯಾಸಕಾರರು ಗೆರೆಗಳನ್ನು ವರ್ಷದಿಂದ ವರ್ಷಕ್ಕೆ ಅಂಚಿಗೆ ಸರಿಸಿದರು. ಅಂಚಿನಲ್ಲೇ ನಮ್ಮ ಬೆರಳು ಕೂರುವುದು.

ಬೆರಳಿನ ಪ್ರತಾಪ ಲೋಕಕ್ಕೆ ಗೊತ್ತಾದದ್ದು 2010ರ ಜೂನ್‌ನಲ್ಲಿ, ಐಫೋನ್ 4 ಬಂದಾಗ. ಅದರ ಸುತ್ತಲಿನ ಸ್ಟೀಲ್ ಪಟ್ಟಿಯೇ ಆಂಟೆನಾ. ಎಡಗಡೆ ಕೆಳಗಿನ ಸಂದಿಗೆ ಅಂಗೈ ತಾಗಿದರೆ ರೇಂಜ್ ಕುಸಿಯುತ್ತಿತ್ತು. ದೂರಿದವನೊಬ್ಬನಿಗೆ ಸ್ಟೀವ್ ಜಾಬ್ಸ್ ಕೊಟ್ಟ ಉತ್ತರ, ಹಾಗೆ ಹಿಡಿಯಬೇಡಿ ಎಂದು. ನಮ್ಮ ಮೇಷ್ಟ್ರುಗಳೂ ಪೆನ್ನಿನ ವಿಷಯದಲ್ಲಿ ಹೀಗೇ ಹೇಳುತ್ತಿದ್ದರು, ಆದರೆ ಪೆನ್ನು ಮಾರಿದವರು ಅವರಲ್ಲ. ಆಮೇಲೆ ಕಂಪನಿ, ಫೋನು ತೋರಿಸುವ ಕಡ್ಡಿಗಳ ಲೆಕ್ಕವೇ ತಪ್ಪಿತ್ತು, ಎಷ್ಟೋ ಸಲ ಎರಡು ಕಡ್ಡಿ ಹೆಚ್ಚೇ ತೋರಿಸುತ್ತಿತ್ತು ಎಂದಿತು. ಜುಲೈ 16ರಂದು ಪತ್ರಕರ್ತರನ್ನು ಕರೆದು, ಕೊಂಡವರಿಗೆಲ್ಲ ಪುಕ್ಕಟೆ ಕವರ್ ಕೊಡುವುದಾಗಿ ಘೋಷಿಸಿದರು. ಜಗತ್ತಿನ ದೊಡ್ಡ ತಲೆಗಳೆಲ್ಲ ಸೇರಿ ಕೊನೆಗೆ ಬಂದು ಮುಟ್ಟಿದ್ದು ನಮ್ಮ ಮೊಬೈಲ್ ಅಂಗಡಿಯ ಹುಡುಗನ ಬಳಿಗೆ. ಅವನು ಮೊದಲ ದಿನವೇ ಹೇಳಿದ್ದ: "ಪೌಚ್ ಹಾಕ್ಕೊಳ್ರಿ ಸರ್ರ."

ಈಗ ಗಾಜಿನ ಕಾಲ. ತಂತಿಯಿಲ್ಲದೆ ಚಾರ್ಜ್ ಮಾಡಲು ಲೋಹದ ಬೆನ್ನು ಅಡ್ಡ ಬರುತ್ತದೆಂದು 2017ರ ಐಫೋನ್ 8ಕ್ಕೆ ಮತ್ತೆ ಗಾಜು ಬಂತು. ಅಲೆಗೂ ಗಾಜು ದಾರಿ ಬಿಡುತ್ತದೆ. ನಮ್ಮ ಮನೆಗಳ ನೆಲಕ್ಕೆ ಮಾತ್ರ ಶಹಾಬಾದಿನ ಪರ್ಸಿ. ಪರ್ಸಿಗೂ ಗಾಜಿಗೂ ಭೇಟಿಯಾದರೆ ಗೆಲ್ಲುವುದು ಯಾರೆಂದು ಹೇಳಬೇಕೆ? ಹಾಗಾಗಿ ಗಾಜಿಗೆ ಮತ್ತೆ ರಬ್ಬರಿನ ಪೌಚು, ಪೌಚಿಗೆ ಬೆರಳು ತೂರಿಸುವ ಉಂಗುರ, ಕಾರಿನಲ್ಲಿ ಅಂಟಿಸಲು ಕಬ್ಬಿಣದ ಬಿಲ್ಲೆ. ಬಿಲ್ಲೆ ಅಂಟಿದೊಡನೆ ತಂತಿಯಿಲ್ಲದ ಚಾರ್ಜೂ ಹೋಯಿತು. ಸಾವಿರಾರು ರೂಪಾಯಿಯ ಗಾಜಿನ ಮೇಲೆ ನೂರು ರೂಪಾಯಿಯ ಪ್ಲಾಸ್ಟಿಕ್ ಹೊದಿಸಿ ಹಿಡಿಯುವವರು, ಮೊದಲೇ ಪ್ಲಾಸ್ಟಿಕ್ ಮೈಯ ಫೋನ್ ಕೊಂಡವನನ್ನು ಕಂಡು ಮೂಗು ಮುರಿಯುತ್ತಾರೆ.

ದೇವದುರ್ಗದ ಕಡೆಯ ಹಳ್ಳಿಯಲ್ಲಿರುವ ನಮ್ಮ ಸೋದರಮಾವನಿಗೆ ಈ ಚಿಂತೆಯಿಲ್ಲ. ಅಲ್ಲಿಗೆ ಸರ್ಕಾರಿ ಬಸ್ಸಿನಲ್ಲಿ ಹೋಗುವಾಗ ನನಗೊಂದು ಅನುಮಾನ ಹುಟ್ಟಿತ್ತು: ಬಸ್ಸೂ ಲೋಹದ ಪೆಟ್ಟಿಗೆಯೇ, ಇಲ್ಲಿ ಹೇಗೆ ರೇಂಜು? ಗುಟ್ಟು ಕಿಟಕಿಯಲ್ಲಿದೆ. 900 ಮೆಗಾಹರ್ಟ್ಸ್ ಅಲೆಯ ಉದ್ದ ಒಂದಡಿಗೆ ತುಸು ಹೆಚ್ಚು, 1800ರದು ಗೇಣಿಗೂ ಕಡಿಮೆ. ಕಿಟಕಿ ಅದಕ್ಕಿಂತ ದೊಡ್ಡದು, ಧೂಳಿನ ಜತೆಗೇ ಅಲೆಯೂ ನುಗ್ಗುತ್ತದೆ. ಗಬ್ಬೂರು ದಾಟುವ ತನಕ ಇಡೀ ಬಸ್ಸು ಒಬ್ಬನ ಬೀಗರ ಜಗಳ ಕೇಳಿತು.

ಮಾವನದು ನೋಕಿಯಾ 1100. 2003ರಲ್ಲಿ ಬಂದು ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಪ್ಲಾಸ್ಟಿಕ್ ಗಟ್ಟಿ. ಮನೆಯ ಕಲ್ಲಿನ ಗೋಡೆ ಮೊಳಕ್ಕಿಂತ ದಪ್ಪ, ಹಿಂದೆ ಗುಂಡುಬಂಡೆಗಳ ಗುಡ್ಡ. ಒಳಗೆ ಯಾವ ಮೈಯ ಫೋನಿಗೂ ರೇಂಜಿಲ್ಲ. ಹಾಗಾಗಿ ಮಾವ ಮಾಳಗಿ ಹತ್ತಿ ಮಾತಾಡುತ್ತಾನೆ, ಅದೂ ರಾಯಚೂರಿಗೆ ಫೋನಿಲ್ಲದೆಯೇ ಕೇಳಿಸುವಂತೆ. ಮೊನ್ನೆ ಹತ್ತಿ ವ್ಯಾಪಾರಿಯ ಜತೆ ಕ್ವಿಂಟಲ್ ರೇಟು ಕೂಗುತ್ತಿದ್ದಾಗ ಓಣಿಯಲ್ಲಿ ಹೊರಟಿದ್ದ ಇನ್ನೊಬ್ಬ ದಲಾಲಿ ಸೈಕಲ್ ಮೋಟಾರು ನಿಲ್ಲಿಸಿ, "ಕಾಕಾ, ಅವಗ ಕೊಡಬ್ಯಾಡ, ನಾ ನೂರು ಹೆಚ್ಚಿಗಿ ಕೊಡ್ತೀನಿ" ಎಂದ. ಅದು ಫೋನಿನವನಿಗೂ ಕೇಳಿಸಿತು. ಅವನು ಐವತ್ತು ಏರಿಸಿದ.

ಮಾಳಗಿ ಇಳಿದ ಮಾವನಿಗೆ, ಒಂದು ಒಳ್ಳೆ ಫೋನ್ ಕೊಡಿಸುತ್ತೇನೆ, ಮೆಲ್ಲಗೆ ಮಾತಾಡಿದರೂ ಕೇಳುತ್ತದೆ ಎಂದೆ.

"ಬ್ಯಾಡ ಅಳಿಯಾ," ಎಂದ, "ಮೆಲ್ಲಕ ಮಾತಾಡಿದ್ರ ರೇಟ್ ಏರಂಗಿಲ್ಲ."