ಕೂಗುವ ಮೊಣಕಾಲಿನ ರಾಯರು

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿಗಳು ಎರಡು. ಜೆ.ಪಿ. ನಗರದ ಕಡೆಯದೊಂದು, ಯಲಹಂಕದ್ದೊಂದು. ರಾಯರ ಪ್ರಕಾರ ಅಸಲಿ ಯಲಹಂಕದ ನಮ್ಮದೇ, ಏಕೆಂದರೆ ಏರ್‌ಪೋರ್ಟು ಹತ್ತಿರ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಅದರ ಅರ್ಧ ಉಸ್ತುವಾರಿ ಇವರದೇ. ಅದಕ್ಕೂ ಮುಂಚೆ, 1996ರಿಂದಲೇ, ಏರ್ ಶೋ ವಿಮಾನಗಳು ತಮ್ಮ ತಾರಸಿಯ ಹಪ್ಪಳ ಅದುರಿಸಿಕೊಂಡು ಹೋಗುತ್ತಿದ್ದವು ಎಂಬುದು ಇವರ ಸೀನಿಯಾರಿಟಿ.

ಬೀದಿಯಲ್ಲಿ ಯಾರ ಮನೆ ಮುಂದೆ ಟ್ಯಾಕ್ಸಿ ನಿಂತು ಸೂಟ್‌ಕೇಸು ಹೊರಬಂದರೂ ರಾಯರು ಹಾಜರು.

"ಮಗಳ ಬಾಣಂತನಕ್ಕಾ? ತೆಗೀರಿ ಬ್ಯಾಗು."

ತಪಾಸಣೆ ಗೇಟಿನಲ್ಲೇ ನಡೆಯುತ್ತದೆ. ಪವರ್ ಬ್ಯಾಂಕು ದೊಡ್ಡ ಪೆಟ್ಟಿಗೆಯಿಂದ ಕೈಚೀಲಕ್ಕೆ, ತುಪ್ಪ ಕೈಚೀಲದಿಂದ ದೊಡ್ಡ ಪೆಟ್ಟಿಗೆಗೆ. "2006ರಲ್ಲಿ ಲಂಡನ್ನಲ್ಲಿ ಯಾರೋ ಜ್ಯೂಸ್ ಬಾಟಲೀಲಿ ಬಾಂಬ್ ಒಯ್ಯೋಕೆ ಹೊಂಚು ಹಾಕಿದ್ರು. ಅವತ್ತಿಂದ ನೂರು ಎಂಎಲ್ಲಿಗೆ ಬಂದು ನಿಂತಿದೆ ನಿಮ್ಮ ಗೊಜ್ಜು." ಒಣಕೊಬ್ಬರಿ ಕಂಡರೆ ಹೌಹಾರುತ್ತಾರೆ, ವಿಮಾನದವರ ಲೆಕ್ಕದಲ್ಲಿ ಅದು ತಾನಾಗಿ ಹೊತ್ತಿಕೊಳ್ಳುವ ಸರಕು. ಎದುರುಮನೆ ಅಜ್ಜಿಯ ಎಲೆ ಅಡಿಕೆ ಚೀಲದಿಂದ ಅಡಕತ್ತರಿ ಕಿತ್ತುಕೊಂಡವರೂ ಇವರೇ. ಅಜ್ಜಿ ಅದನ್ನು ಇನ್ನೂ ಕ್ಷಮಿಸಿಲ್ಲ.

"ಎಕ್ಸ್‌ರೇ ಪರದೆ ಮೇಲೆ ಲೋಹ ನೀಲಿ ಕಾಣತ್ತೆ, ತಿಂಡಿ ಎಲ್ಲಾ ಕಿತ್ತಳೆ. ಸ್ಫೋಟಕಾನೂ ಕಿತ್ತಳೇನೇ. ನಿಮ್ಮ ಮೈಸೂರು ಪಾಕು ಇಟ್ಟಿಗೆ ಥರ ಕೂತಿದ್ರೆ ಬಿಚ್ಚಿಸದೆ ಇರ್ತಾರಾ?" ಈ ವಿವರಣೆ ಶುದ್ಧ ವಿಜ್ಞಾನ. ಆದರೆ ಇಟ್ಟಿಗೆ ಎಂದದ್ದಕ್ಕೆ ಆ ಮನೆಯಾಕೆ ಈಗಲೂ ಇವರಿಗೆ ಕಾಫಿ ಕೊಡುವುದಿಲ್ಲ.

ಇಷ್ಟಾದರೂ ರಾಯರ ಕೀರ್ತಿ ನಿಜಕ್ಕೂ ಏರಿದ್ದು ಬಲಮೊಣಕಾಲಿಗೆ ಲೋಹದ ಕೀಲು ಹಾಕಿಸಿಕೊಂಡ ಮೇಲೆ. ಏರ್‌ಪೋರ್ಟಿನ ಬಾಗಿಲು ಚೌಕಟ್ಟಿನ ಯಂತ್ರ ಕಾಂತದ ಅಲೆ ಬಿಡುತ್ತದೆ, ಲೋಹದೊಳಗೆ ಕರೆಂಟು ಸುಳಿಯುತ್ತದೆ, ಯಂತ್ರ ಕೂಗುತ್ತದೆ. ಕಬ್ಬಿಣವೇ ಆಗಬೇಕಿಲ್ಲ, ಬೆಳ್ಳಿ ಉಡಿದಾರವೂ ಸಾಕು, ಚಿನ್ನದ ಬಳೆಯೂ ಸಾಕು. ಇದನ್ನೆಲ್ಲ ಕ್ಯೂನಲ್ಲಿ ಹಿಂದೆ ಮುಂದೆ ನಿಂತವರಿಗೆ ವಿವರಿಸಿ, ಬೆಲ್ಟು ಬಿಚ್ಚಿ, ಕೀಲಿಕೈ ಟ್ರೇಗೆ ಹಾಕಿ, ಉಂಗುರವನ್ನೂ ಕಳಚಿಡುತ್ತಾರೆ. ಕೂಗಿದರೆ ಮೊಣಕಾಲೊಂದೇ ಕೂಗಬೇಕು, ಯಶಸ್ಸಿನಲ್ಲಿ ಪಾಲುದಾರರು ಇರಬಾರದು. ಕೈಯಲ್ಲಿ ಡಾಕ್ಟರ ಪತ್ರ, ಕಂಕುಳಲ್ಲಿ ಎಕ್ಸ್‌ರೇ ಫಿಲಂ. ಸಿಐಎಸ್‌ಎಫ್ ಜವಾನ ಎರಡನ್ನೂ ನೋಡುವುದಿಲ್ಲ ಎಂಬುದೊಂದೇ ಕೊರತೆ.

ಮೊನ್ನೆ ಮಗನ ಊರಿಗೆ ಹೊರಟಾಗ ಅನಾಹುತವಾಯಿತು. ರಾಯರು ಗಂಭೀರವಾಗಿ ಚೌಕಟ್ಟು ದಾಟಿದರು. ಯಂತ್ರ ಉಸಿರೆತ್ತಲಿಲ್ಲ. ಹಿಂದೆ ಬಂದು ಇನ್ನೊಮ್ಮೆ ದಾಟಲು ನೋಡಿದರು, ಜವಾನ ಬಿಡಲಿಲ್ಲ. ಅತ್ತ ಹೆಂಗಸರ ಸಾಲಿನಲ್ಲಿ ಅವರ ಹೆಂಡತಿಗೆ ಯಂತ್ರ ಬೀದಿಗೇ ಕೇಳುವಂತೆ ಕೂಗಿತು.

"ನಾಲ್ಕು ಲಕ್ಷ ಕೊಟ್ಟಿದೀನಿ ಕಣೇ! ಡೂಪ್ಲಿಕೇಟ್ ಹಾಕಿಬಿಟ್ನಾ ಡಾಕ್ಟರು?"

"ರೀ, ಸುಮ್ನೆ ಮುಂದೆ ನಡೀರಿ, ಜನ ನೋಡ್ತಿದಾರೆ," ಎಂದು ಆಕೆ ಪರದೆಯ ಹಿಂದಕ್ಕೆ ಹೋದರು.

ರಾಯರು ಸೋತ ಮುಖದಲ್ಲಿ ಕಟ್ಟೆ ಹತ್ತಿ ಕೈಚಾಚಿ ನಿಂತರು. ಜವಾನನ ಕೈಯ ಪುಟ್ಟ ಯಂತ್ರ ತೋಳು, ಎದೆ, ಸೊಂಟ ಸವರಿ, ಬಲಮೊಣಕಾಲ ಹತ್ತಿರ ಬಂದದ್ದೇ ಕುಂಯ್ ಎಂದಿತು.

"ಘುಟನಾ! ಘುಟನಾ ಆಪರೇಷನ್!" ರಾಯರ ಹಿಂದಿ ನಾಲ್ಕು ದಿಕ್ಕಿಗೂ ಕೇಳಿಸಿತು. ಜವಾನ ಇಳಿಯಿರಿ ಎಂದು ಸನ್ನೆ ಮಾಡಿದ. ಇವರು ಇಳಿಯಲಿಲ್ಲ. ಎಡಗಾಲು ಮುಂದೆ ಮಾಡಿ, "ಇದೂ ಒಂದ್ಸಲ ನೋಡಿಬಿಡಿ ಸಾರ್, ಯುಗಾದಿ ಕಳೆದ ಮೇಲೆ ಇದನ್ನೂ ಮಾಡಿಸೋನಿದೀನಿ," ಎಂದರು.