ದಾರಿ ಎಲ್ಲಾರಿಗೂ ಬೇಕು, ಬಾಜೂದವನ ಹೊಲದಾಗ

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಲ್ಲಿ ಡಾಂಬರು ಮುಗಿದ ಮೇಲೆ ಎರಿ ಹೊಲಗಳ ನಡುವೆ ಇಳಿಯುವ ಚಕ್ಕಡಿ ದಾರಿ ಈವರೆಗೆ ಯಾವ ಪತ್ರಿಕೆಯ ಜೊತೆಗೂ ಮಾತಾಡಿಲ್ಲ. ಕಚೇರಿ, ಕೋರ್ಟು ಮಾತ್ರ ಸಾಕಷ್ಟು ಸಲ ಕಂಡಿದೆ. ಅದೂ ಸಾಕ್ಷಿಯಾಗಿ ಅಲ್ಲ, ತಂಟೆಯ ಸ್ವತ್ತಾಗಿ.

ವರದಿಗಾರ ಅಲ್ಲಿಗೆ ಹೋಗಲು ಕಾರಣ ಒಂದು ದೂರದ ಸುದ್ದಿ. ಅಮೆರಿಕದ ಗುಡ್ಡಗಾಡಿನ ಕಾಲುದಾರಿಗಳಲ್ಲಿ ಮೌಂಟನ್ ಬೈಕಿನವರು, ಕುದುರೆ ಸವಾರರು, ಬೇಟೆಗಾರರು ಒಬ್ಬರ ಮೇಲೊಬ್ಬರು ದೂರು ಹೇಳುತ್ತ ಒಂದೇ ದಾರಿ ಹಂಚಿಕೊಂಡಿದ್ದಾರೆ. ಎಷ್ಟೋ ಕಡೆ ದಾರಿಯ ಬಾಯಿಗೆ ತ್ರಿಕೋನದ ಫಲಕ ನೆಟ್ಟಿರುತ್ತಾರೆ: ಸೈಕಲ್ಲಿನವರು ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ಕುದುರೆ ಯಾರಿಗೂ ಬಿಡಬೇಕಾಗಿಲ್ಲ. ಕನ್ನೊಳ್ಳಿಯ ದಾರಿಗೆ ಈ ಸುದ್ದಿ ಓದಿ ಹೇಳಿದಾಗ ಅದು ಕೆಮ್ಮಿತು. ಧೂಳಿದ್ದೀತು, ನಗೆಯೂ ಇದ್ದೀತು.

ವರದಿಗಾರ: ಅಜ್ಜಾರ, ಮೊದಲು ನಿಮ್ಮ ವಯಸ್ಸು ಹೇಳ್ರಿ.

ದಾರಿ: ವಯಸ್ಸು ಕೇಳಬ್ಯಾಡ ತಮ್ಮಾ, ಅಗಲ ಕೇಳು. ವಿಜಾಪುರ ಜಿಲ್ಲಾ ಮುಂಬೈ ಪ್ರಾಂತ್ಯದಾಗಿದ್ದಾಗ ಮೋಜಣಿದವರು 33 ಅಡಿ ಸರಪಳಿ ಎಳಕೊಂಡು ಬಂದ್ರು. ಆ ಸರಪಳಿ ಉದ್ದಕ್ಕೊಂದು, ಅಡ್ಡಕ್ಕೊಂದು ಹಾಕಿದ್ರ ಒಂದು ಗುಂಟೆ. ನಕಾಶೆದಾಗ ನಂದು ಜೋಡಿ ಚುಕ್ಕಿಗೆರಿ, ಚಕ್ಕಡಿ ದಾರಿ ಅಂತ. ಆವಾಗ ಎದುರಾಬದುರಾ ಎರಡು ಚಕ್ಕಡಿ ಬಂದ್ರ ಗಾಲಿಗೆ ಗಾಲಿ ತಾಗತಿರಲಿಲ್ಲ. ಈಗ ಒಂದು ಬೈಕ್ ಬಂದ್ರ ಎರಡೂ ಮೊಣಕೈಗೆ ತೊಗರಿ ಬಡೀತಾವ.

ವರದಿಗಾರ: ಉಳಿದ ಅಗಲ ಎಲ್ಲಿ ಹೋಯ್ತು?

ದಾರಿ: ತಿಂದ್ರು. ಯಾರೂ ಒಮ್ಮೆಲೇ ತಿನ್ನಂಗಿಲ್ಲ. ರಂಟಿ ಹೊಡಿವಾಗ ಈ ವರ್ಷ ಒಂದು ಗೇಣು, ಕುಂಟಿ ಹೊಡಿವಾಗ ಮುಂದಿನ ವರ್ಷ ಇನ್ನೊಂದು ಗೇಣು. ಫರ್ಲಾಂಗ್ ಉದ್ದಕ್ಕ ಒಂದಡಿ ಒತ್ತಿದ್ರ 660 ಚದರಡಿ ಆಗತದ, ಅರ್ಧ ಗುಂಟೆ ಮ್ಯಾಲೆ. ಎಡಗಡೆಯಾಂವ ಅಷ್ಟು ತಿಂದ, ಬಲಗಡೆಯಾಂವ ಸುಮ್ನ ಕೂಡತಾನೇನು? ಇಬ್ಬರೂ ಸೇರಿ ನನ್ನ ಪಕ್ಕೆಲುಬಿನ ಮ್ಯಾಲೆ ಜೋಳ ಬಿತ್ಯಾರ. ಮತ್ತ ಸಂಜಿಗೆ ಕಟ್ಟಿ ಮ್ಯಾಲೆ ಕೂತು, ‘ಹೊಲಕ್ಕ ಹೋಗಾಕ ದಾರಿನ ಇಲ್ಲ’ ಅಂತಾರ.

ಇಲ್ಲಿ ಒಂದು ಮಾತು ಹೇಳಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರ್ಕಾರದ ಸ್ವತ್ತು. ಹಾಗಾಗಿ ದಾರಿ ದೂರುತ್ತಿರುವುದು ಸರ್ಕಾರಿ ಜಾಗದ ಒತ್ತುವರಿಯನ್ನು. ಆದರೆ ಸರ್ಕಾರಿ ಸ್ವತ್ತು ಎಂದು ಗೊತ್ತಾದ ಕೂಡಲೇ ನಮ್ಮ ಜನಕ್ಕೆ ಅದರ ಮೇಲೆ ಹುಟ್ಟುವ ಸಲುಗೆಯೇ ಬೇರೆ.

ವರದಿಗಾರ: ಸೈಕಲ್ಲಿನವರ ಬಗ್ಗೆ ಹೇಳ್ರಿ. ನಿಮಗೆ ಅವರಿಂದ ತ್ರಾಸು ಅದ ಏನು?

ದಾರಿ: ತ್ರಾಸು ಅವರಿಗೆ ನನ್ನಿಂದ. ವಿಜಾಪುರದ ಹುಡುಗ್ರು ಸೈಕಲ್ ಮ್ಯಾಲೆ ಹುಟ್ಟಿದವ್ರು. ಕ್ರೀಡಾನಿಲಯದ ಹುಡುಗ್ರು-ಹುಡುಗ್ಯಾರು ನಸುಕಿನ್ಯಾಗ ಎದ್ದು ಲಾರಿ ಓಡಾಡೋ ಹೆದ್ದಾರಿ ಮ್ಯಾಲೆ ಪ್ರಾಕ್ಟೀಸ್ ಮಾಡಿ ದೇಶದ ಪದಕ ತಂದಾರ. ಅವರಿಗಂತ ಭೂತನಾಳ ಕಡೆ ವೆಲೋಡ್ರೋಮ್ ಕಟ್ಟತೀವಿ ಅಂದ್ರು. ಆ ಕೆಲಸ ಎಷ್ಟು ವರ್ಷ ಎಳೀತು ಅಂದ್ರ, ಕಾಯಕೋತ ಕುಂತ ಹುಡುಗ್ರು ನೌಕರಿ ಹಿಡಿದ್ರು, ಮದಿವಿ ಆದ್ರು. ಈಗ ದಪ್ಪ ಗಾಲಿ ಸೈಕಲ್ ಬಂದಾವ. ಗದಗದಾಗ ರಾಷ್ಟ್ರ ಮಟ್ಟದ ಮೌಂಟನ್ ಬೈಕ್ ಸ್ಪರ್ಧಾನೂ ಆತು. ಅಂಥ ಒಬ್ಬಾಂವ ಹೋದ ಮಳಿಗಾಲದಾಗ ನನ್ನ ಮ್ಯಾಲೆ ಇಳದ.

ಆ ಸವಾರನ ಕಥೆಯನ್ನು ದಾರಿ ಸಾವಕಾಶ ಹೇಳಿತು. ಅರ್ಧ ತಾಸು ಮಳೆ ಬಿದ್ದಿತ್ತು, ಅಷ್ಟೇ. ಎರಿ ಮಣ್ಣು ಟೈರಿಗೆ ಹತ್ತಿತು, ಟೈರಿನಿಂದ ಫ್ರೇಮಿಗೆ ಬಂತು, ಬ್ರೇಕಿನ ಸಂದಿಯಲ್ಲಿ ಮೆತ್ತಿ ಗಾಲಿಯನ್ನೇ ಹಿಡಿಯಿತು. ಸವಾರ ಕಡ್ಡಿ ಹುಡುಕಿ ಕೆದರಿದ, ಎರಡು ಮಾರು ಹೋದ, ಮತ್ತೆ ಕೆದರಿದ. ಕೊನೆಗೆ ಬೂಟು ಕೈಯಲ್ಲಿ ಹಿಡಿದು, ಸೈಕಲ್ಲು ಹೆಗಲಿಗೇರಿಸಿ ನಡೆದ. ಬಿಸಿಲುಗಾಲದಲ್ಲಿ ಬಂದರೆ ನೆಗ್ಗಿಲ ಮುಳ್ಳು ಕಾಯ್ದಿರುತ್ತದೆ. ಕಡ್ಲಿಕಾಳಿನಷ್ಟು ಕಾಯಿ, ಹ್ಯಾಂಗ ಒಗೆದರೂ ಒಂದು ಮುಳ್ಳು ಮೇಲೆ ನಿಲ್ಲುತ್ತದೆ. ಅದಕ್ಕೆ ಸೈಕಲ್ಲಿನ ಬೆಲೆ ಗೊತ್ತಿಲ್ಲ. ಎಂಟು ಸಾವಿರದ್ದಾಗಲಿ, ಎರಡು ಲಕ್ಷದ್ದಾಗಲಿ, ಪಂಕ್ಚರ್ ಒಂದೇ ನಮೂನೆ.

ವರದಿಗಾರ: ಕುದುರೆ ಸವಾರರು ಇಲ್ಲಿ ಎಲ್ಲಿ ಬರಬೇಕು ಬಿಡ್ರಿ.

ದಾರಿ: ಯಾಕ ಬರಂಗಿಲ್ಲ? ಉತ್ತರಕ್ಕ ಹೋದ್ರ ಭೀಮಾ ಹೊಳಿ ಬರತದ. ಆ ಹೊಳಿ ದಂಡಿ ಕುದುರಿ ಮ್ಯಾಲೆ ಮರಾಠಾ ದಂಡು ಎಲ್ಲಾ ಕಡೆ ತಿರಗ್ಯಾಡೇದ. ಈಗ ಅದರ ಮ್ಯಾಲೆ ಯಾವ ಸರದಾರನೂ ಕೂಡಂಗಿಲ್ಲ. ಕುರಿಯವರ ಸಂಸಾರ ಕೂಡತದ.

ಇದು ಬರೀ ಹಳೆಯ ಹೆಮ್ಮೆಯಲ್ಲ. ಆ ಹೊಳೆದಂಡೆಯ ಭೀಮಥಡಿ ಕುದುರೆಯನ್ನು ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಈಚೆಗೆ ಸ್ವತಂತ್ರ ತಳಿ ಎಂದು ನೋಂದಾಯಿಸಿದೆ. ಆ ತಳಿಯನ್ನು ಉಳಿಸಿದವರು ರಾಜರಲ್ಲ. ಊರೂರು ಅಲೆಯುವ ಧನಗರ ಕುರಿಗಾಹಿಗಳು. ಹಿಂಡು ಮುಂದೆ, ನಾಯಿ ಬದಿಗೆ, ಹಿಂದೆ ಕುದುರೆ. ಅದರ ಬೆನ್ನ ಮೇಲೆ ಕಂಬಳಿ, ಬೋಗುಣಿ, ಬಲೆ, ಕಾಲು ಕಟ್ಟಿದ ಕೋಳಿ, ನಿನ್ನೆ ಹುಟ್ಟಿದ ಎರಡು ಮರಿ. ಎಲ್ಲದರ ಮೇಲೆ ಒಂದು ಕೂಸು, ಅರ್ಧ ನಿದ್ದೆಯಲ್ಲಿ. ಅಮೆರಿಕದ ಫಲಕ ನೆಟ್ಟವರು ಈ ಕುದುರೆಯನ್ನು ನೋಡಿದ್ದರೆ ತ್ರಿಕೋನಕ್ಕೆ ಇನ್ನೊಂದು ಮೂಲೆ ಬೇಕಾಗುತ್ತಿತ್ತು.

ವರದಿಗಾರ: ಸೈಕಲ್ಲು, ಈ ಹಿಂಡು ಎದುರಾದ್ರ?

ದಾರಿ: ಗಂಟಿ ಬಾರಿಸಿದ್ರ ಕುರಿ ಚದರತಾವ, ತೊಗರ್ಯಾಗ ಹೋಗತಾವ, ಜಗಳ ಕುರಿಯಾಂವಗ ಬರತದ. ಹಂಗಾಗಿ ತಿಳಿದಾಂವ ಸೈಕಲ್ ಬದುವಿಗೆ ಆನಿಸಿ ಬೀಡಿ ಸೇದತಾನ. ಬೀಡಿ ಸೇದದಾಂವ ಮೊಬೈಲ್ ನೋಡತಾನ. ಮುನ್ನೂರು ಕುರಿ ಹಾಯಬೇಕಂದ್ರ ಹೊತ್ತು ಬೇಕು. ನಮ್ಮಲ್ಲಿ ಬೋರ್ಡಿಲ್ಲ, ಆದ್ರ ಕಾನೂನು ಅದ. ತುಂಬಿದ ಚಕ್ಕಡಿಗೆ ಖಾಲಿ ಚಕ್ಕಡಿ ಸರೀಬೇಕು. ತಲಿ ಮ್ಯಾಲೆ ಬುತ್ತಿ ಹೊತ್ತಾಕಿಗೆ ಎಲ್ಲಾರೂ ಸರೀಬೇಕು. ಹೆಣ ಬಂದ್ರ ಸಾಹುಕಾರನೂ ಕೆಳಗ ಇಳೀಬೇಕು. ಕಬ್ಬಿನ ಡಬಲ್ ಟ್ರೇಲರ್ ಬಂದ್ರ ಹೆಣಾನೂ ಸರೀಬೇಕಾಗೇದ, ಅದು ಹೊಸಾ ಕಾಯ್ದೆ.

ಕುರಿಗಾಹಿಗಳ ಮೇಲೆ ದಾರಿಗೆ ಪಕ್ಷಪಾತವಿದೆ, ಮುಚ್ಚಿಡಲೂ ಇಲ್ಲ. ಒಂದು ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ಬೀಳುವ ಗೊಬ್ಬರಕ್ಕೆ ಹೊಲದವರು ಕಾಳು, ಕಾಸು ಕೊಟ್ಟು ಕರೆಯುತ್ತಾರೆ. ಬೆಳೆ ನಿಂತಾಗ ಅದೇ ಹಿಂಡನ್ನು ಕಲ್ಲು ಹಿಡಿದು ಅಟ್ಟುತ್ತಾರೆ. ವಲಸೆ ಕುರಿಗಾಹಿಗಳ ಮೇಲಿನ ದೌರ್ಜನ್ಯ ತಡೆಯಲು ರಾಜ್ಯದ ವಿಧಾನಮಂಡಲ 2025ರಲ್ಲಿ ಮಸೂದೆಯನ್ನೇ ಅಂಗೀಕರಿಸಬೇಕಾಯಿತು ಎಂದರೆ ಕಲ್ಲುಗಳ ಲೆಕ್ಕ ಊಹಿಸಬಹುದು.

ವರದಿಗಾರ: ಬೇಟೆಗಾರರು?

ದಾರಿ: (ಸ್ವಲ್ಪ ತಡೆದು) ಹಗಲಿ ಬರೋರು ಹೋದ್ರು. ಹರಣಶಿಕಾರಿ ಮಂದಿ ಬಲಿ ಹೆಗಲಿಗೆ ಹಾಕ್ಕೊಂಡು ಬರತಿದ್ರು, ಒಂದು ಮೊಲ, ಎರಡು ಗೌಜುಗ. ಅವರು ದಾರಿ ಮ್ಯಾಲೆ ಇರೋದನ್ನ ಗುನ್ಹೆ ಮಾಡಿದ್ರು ಬ್ರಿಟಿಷರು.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು; ಕಾಯ್ದೆ ರದ್ದಾದದ್ದು 1952ರಲ್ಲಿ. ವಿಜಾಪುರದಲ್ಲೂ ಅಂಥವರನ್ನು ಕೂಡಿಹಾಕಿದ ವಸಾಹತು ಇತ್ತು. ಮುಂದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಯೇ ನಿಂತಿತು, ಕಾಗದದ ಮೇಲೆ. ಚಿಗರಿ ಆ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿ ಏರಿತು, ಆಮೇಲೆ ಸೇನೆಗೂ ಹೋಯಿತು. ಮೊಲ ಓಡಿಸಲು ಬೆಳೆಸಿದ ನಾಯಿಗೆ ಸರ್ಕಾರಿ ನೌಕರಿ ಸಿಕ್ಕಿತು. ಅದರ ಜೊತೆ ಓಡುತ್ತಿದ್ದವನಿಗೆ ಸಿಗಲಿಲ್ಲ.

ದಾರಿ: ಈಗ ಬರೋರು ರಾತ್ರಿ ಬೈಕ್ ಮ್ಯಾಲೆ ಬರತಾರ. ಹಣೀಗೆ ಬ್ಯಾಟರಿ ಕಟ್ಟಿರತಾರ. ಬೆಳಕು ಬಿದ್ದ ಕೂಡ್ಲೆ ಮೊಲ ನನ್ನ ನಡುವ ನಿಂತು ನೋಡತದ. ಅದಕ್ಕೂ ನಾನು ದಾರಿನೇ ಅಲ್ಲೇನು? ಅಮೆರಿಕದಾಗ ಬ್ಯಾಟಿಯವರು ಕಿತ್ತಳಿ ಬಣ್ಣದ ಅಂಗಿ ಹಾಕ್ಕೋತಾರ ಅಂದಿ, ಎಲ್ಲಾರಿಗೂ ಕಾಣ್ಲಿ ಅಂತ. ಇಲ್ಲಿ ಬರೋರು ನಂಬರ್ ಪ್ಲೇಟಿಗೂ ಕೆಸರು ಮೆತ್ತಿರತಾರ.

ವರದಿಗಾರ ಮಾತನ್ನು ಇಂಗ್ಲೆಂಡಿಗೆ ಹೊರಳಿಸಿದ. ಅಲ್ಲಿ ಕುದುರೆ ದಾರಿಗಳ ಮೇಲೆ ಸೈಕಲ್ ಹೊಡೆಯುವ ಹಕ್ಕನ್ನು 1968ರ ಕಾಯ್ದೆ ಕೊಟ್ಟಿತು. ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು ಎಂಬ ಕರಾರಿನ ಮೇಲೆ. ವಿನಯವನ್ನೇ ಕಾನೂನಿನಲ್ಲಿ ಬರೆದರು. ದಾರಿ ಇದನ್ನು ಕೇಳಿ ಮೊದಲ ಸಲ ಸಿಟ್ಟಾಯಿತು.

ದಾರಿ: ಇಲ್ಲಿ ವಿನಯ ಮಾಡಿದಾಂವ ಸತ್ತ! ನೀ ಕಾಯ್ದೆ ಓದೀಯೇನು? 1882ರ ಈಸ್ಮೆಂಟ್ ಕಾಯ್ದೆ, ನಮ್ಮ ಮುಂಬೈ ಪ್ರಾಂತ್ಯಕ್ಕ ಬಂದದ್ದು 1891ಕ್ಕ. 20 ವರ್ಷ ಒಂದು ಹಾದಿ ಹಿಡಿದು ಬಹಿರಂಗ, ತಂಟೆ ಇಲ್ದ, ಹಕ್ಕಿಲೆ ಓಡಾಡಿದ್ರ ಅದು ನಿನ್ನ ಹಕ್ಕು. ಹಕ್ಕಿಲೆ, ತಿಳೀತಿಲ್ಲೋ? ಪ್ರತಿ ಸಲ ‘ಅಣ್ಣಾ, ನಿನ್ನ ಹೊಲದಾಗಿಂದ ಹಾಯ್ದು ಹೋಗ್ಲ್ಯಾ?’ ಅಂತ ಕೇಳಿ ಹೋದಾಂವಗ ಕೋರ್ಟು ಏನಂತದ? ನೀ ಪರವಾನಗಿ ಮ್ಯಾಲೆ ಹೋಗೀದಿ, ಹಕ್ಕಿಲ್ಲ ನಡಿ. ಕೇಳದ ಎದಿ ಸೆಟಿಸಿ ಹೋದಾಂವಗ ಹಕ್ಕು.

ವರದಿಗಾರ: ಮತ್ತ ಒಳಗಿನ ಹೊಲಕ್ಕ ಬೇರೆ ದಾರಿನೇ ಇಲ್ಲದಿದ್ರ?

ದಾರಿ: ಅದಕ್ಕೂ ಕಲಮು ಅದ, 13. ವಾಟಣಿ ಆಗಿ ಹಿಂದಿನ ಪಾಲು ಸಿಕ್ಕಾಂವಗ ಬೇರೆ ಹಾದಿ ಇಲ್ಲಂದ್ರ ಮುಂದಿನ ಪಾಲಿನ್ಯಾಗ ದಾರಿ ಬಿಡಬೇಕು. ಅಪ್ಪ ಇರೋತನಕ ಯಾರಿಗೂ ದಾರಿ ಬೇಕಾಗಿರಲಿಲ್ಲ, ಹೊಲ ಒಂದೇ ಇತ್ತು. ತಿಥಿ ಊಟದ ಎಲಿ ತಗಿಯೂಕಿಂತ ಮೊದಲ ಅಣ್ಣ ಜಾಲಿ ಮುಳ್ಳು ಹಚ್ಚತಾನ. ತಮ್ಮ ತಹಶೀಲ್ದಾರರ ಕಚೇರಿಗೆ ಓಡತಾನ.

ಆ ಓಟಕ್ಕೆ ಇತಿಹಾಸವಿದೆ. ರೂಢಿಯ ದಾರಿಗೆ ಅಡ್ಡ ಹಾಕಿದರೆ ತೆರವು ಮಾಡಿಸುವ ಅಧಿಕಾರವನ್ನು 1906ರ ಮಾಮಲೇದಾರ ಕೋರ್ಟ್ ಕಾಯ್ದೆಯೇ ಈ ಭಾಗದಲ್ಲಿ ಕೊಟ್ಟಿತ್ತು. ಆಮೇಲೆ 2024ರವರೆಗೆ ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಮು ಇತ್ತು, ತಹಶೀಲ್ದಾರರು ತಾಲ್ಲೂಕು ದಂಡಾಧಿಕಾರಿಯೂ ಹೌದಾದ್ದರಿಂದ. ನಾರಾಯಣಪುರದಿಂದ ಇಂಡಿ ಶಾಖಾ ಕಾಲುವೆ ಬಂದು ನೀರು ಹರಿದ ಮೇಲೆ ಅರ್ಜಿಗಳಿಗೂ ನೀರುಂಡ ಕಬ್ಬಿನ ಏರು ಬಂತು. ಒಣಬೇಸಾಯದ ಕಾಲದಲ್ಲಿ ಕಡಲಿ ಚೀಲವನ್ನು ಹೆಗಲ ಮೇಲೆ ಹೊತ್ತು ದಾಟಿಸಬಹುದಿತ್ತು, ಕಬ್ಬಿಗೆ ಟ್ರೇಲರ್ ಬೇಕು. ಟ್ರೇಲರಿಗೆ ತಿರುವು ಬೇಕು. ತಿರುವು ಯಾವಾಗಲೂ ಬಾಜೂದವನ ಹೊಲದಲ್ಲೇ ಬೀಳುತ್ತದೆ.

ವರದಿಗಾರ: ಸರ್ಕಾರದ ‘ನಮ್ಮ ಹೊಲ ನಮ್ಮ ದಾರಿ’ ಯೋಜನೆ ಅದಲ್ಲ? ಉದ್ಯೋಗ ಖಾತ್ರಿಯೊಳಗ ಗರ್ಸು ಹಾಕ್ತಾರ.

ದಾರಿ: ಹೆಸರು ಛಲೋ ಅದ. ಹೊಲ ನಮ್ಮದು ಅನ್ನೋತನಕ ಎಲ್ಲಾರೂ ಕೈ ಎತ್ತತಾರ, ದಾರಿ ನಮ್ಮದು ಅನ್ನೂದ್ರಾಗ ಕೈ ಕೆಳಗ ಇಳೀತಾವ. ಆದ್ರೂ ಗರ್ಸು ಬಿದ್ದ ಕಡೆ ನನ್ನ ಅಣ್ಣ-ತಮ್ಮಂದಿರು ಸುಖದಾಗ ಅದಾರ, ಸುಳ್ಳ್ಯಾಕ ಹೇಳ್ಲಿ. ಮಳಿಗಾಲದಾಗೂ ಹಾಲಿನ ಕ್ಯಾನ್ ಹೋಗತದ, ಸೈಕಲ್ ಹೆಗಲಿಗೆ ಏರಂಗಿಲ್ಲ. ನನ್ನ ಕಡೆ ಬಂದ ಇಂಜಿನಿಯರು ಮೊಬೈಲ್‌ನ್ಯಾಗ ಮೋಜಣಿ ನಕಾಶೆಯ ದಿಶಾಂಕ್ ಆ್ಯಪ್ ತಗದು ನೋಡಿ, ‘ಇಲ್ಲೇ ದಾರಿ ಅದ’ ಅಂದ್ರು. ಅವರು ನಿಂತಿದ್ದು ಎದಿಮಟ್ಟ ತೊಗರ್ಯಾಗ.

ಅಷ್ಟರಲ್ಲಿ ಹಿಂದಿನಿಂದ ಟ್ರ್ಯಾಕ್ಟರಿನ ಹಾಡು ಕೇಳಿಸಿತು. ವರದಿಗಾರ ತನ್ನ ಬೈಕನ್ನು ಎಡಕ್ಕೆ ಸರಿಸಿದ. ಎಡಗಡೆಯ ಹೊಲದವರು ಬದುವಿನ ಮೇಲೆ ನಿಂತು, ಕಡಲಿ ತುಳಿಯಬೇಡ ಎಂದರು. ಬಲಕ್ಕೆ ಸರಿಸಿದ. ಬಲಗಡೆಯವರು ಏನೂ ಅನ್ನಲಿಲ್ಲ, ಮೊಬೈಲ್ ತೆಗೆದು ಫೋಟೊ ಹೊಡೆದುಕೊಂಡರು, ಮುಂದೆ ದಾವೆಗೆ ಬೇಕಾದೀತೆಂದು.

ವರದಿಗಾರ: ಅಜ್ಜಾರ, ನಿಮ್ಮದೂ ಒಂದು ಫೋಟೊ ಬೇಕಿತ್ತು, ಪತ್ರಿಕೆಗೆ.

ದಾರಿ: ಇಲ್ಲಿ ಹೊಡೀಬ್ಯಾಡ, ಬರೀ ತೊಗರಿ ಬರತದ. ಸಿಂದಗಿಗೆ ಹೋಗಿ ಭೂಮಾಪನ ಕಚೇರ್ಯಾಗ ಗ್ರಾಮ ನಕಾಶೆ ನಕಲು ತಗೋ. ಅದರಾಗ ನಾ ಇನ್ನೂ ಪೂರ್ತಿ ಅಗಲ ಅದೀನಿ.

ನಕಲಿಗೆ ಅರ್ಜಿ ಕೊಡಲಾಗಿದೆ. ಅದು ಕೈಗೆ ಬರುವತನಕ ಈ ಸಂದರ್ಶನವನ್ನು ಫೋಟೊ ಇಲ್ಲದೆ ಅಚ್ಚು ಹಾಕಲಾಗುತ್ತಿದೆ.