ಗಿಳಿಯೂ ಕಟಕಟೆಗೆ ಬಂತು

ಗಿಳಿಯನ್ನು ಕಟಕಟೆ ಹತ್ತಿಸಿ ಪಾಟೀಸವಾಲು ಹಾಕಿದ್ದು ಸರಿಯೋ ತಪ್ಪೋ?

ಇಂಥ ಪ್ರಶ್ನೆ ಹಿಡಿದು ರಾತ್ರಿಯಿಡೀ ಜಗಳ ಆಡುವವರಿದ್ದಾರೆ. ನಗಬೇಡಿ. ನಾವು ಜಗಳ ಆಡುವ ವಿಷಯಗಳೇನೂ ಇದಕ್ಕಿಂತ ಘನವಾದವಲ್ಲ.

ಆಟದ ಹೆಸರು ಏಸ್ ಅಟಾರ್ನಿ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 2001ರಲ್ಲಿ ಹೊರತಂದ ವಿಡಿಯೋ ಗೇಮ್. ಬರೆದು ನಿರ್ದೇಶಿಸಿದವನು ಶು ಟಕುಮಿ. ಇದರಲ್ಲಿ ಆಟಗಾರನ ಕೈಗೆ ಬಂದೂಕಿಲ್ಲ, ಕಾರಿಲ್ಲ, ಬಾಂಬಿಲ್ಲ. ಆಟಗಾರನೇ ವಕೀಲ. ಸಾಕ್ಷಿಯ ಮಾತು ಕೇಳಬೇಕು. ಎಲ್ಲಿ ಸುಳ್ಳಿದೆ ಎಂದು ಹುಡುಕಬೇಕು. ಸರಿಯಾದ ಪುರಾವೆ ತೆಗೆದು ಮುಖಕ್ಕೆ ಹಿಡಿದು 'ಆಬ್ಜೆಕ್ಷನ್' ಎಂದು ಚೀರಬೇಕು. ಸುಳ್ಳುಗಾರ ಬೆವರುತ್ತಾನೆ, ಒದರಾಡುತ್ತಾನೆ, ಕಡೆಗೆ ತಪ್ಪು ಒಪ್ಪಿಕೊಳ್ಳುತ್ತಾನೆ. ಇಪ್ಪತ್ತು ವರ್ಷ ದಾಟಿದರೂ ಕಂತಿನ ಮೇಲೆ ಕಂತು ಬಂದಿವೆ. 2012ರಲ್ಲಿ ತಕಾಶಿ ಮೀಕೆ ಇದನ್ನು ಸಿನಿಮಾ ಕೂಡ ಮಾಡಿದ. ಮೊದಲ ಆಟದಲ್ಲೇ ಒಂದು ಗಿಳಿಯ ಸಾಕ್ಷ್ಯ ಇದೆ.

ಈ ಆಟದ ರುಚಿ ಎಲ್ಲಿದೆ ಎಂಬುದು ಅಭಿಮಾನಿಗಳ ಚರ್ಚೆ. ಸುಳ್ಳು ಹಿಡಿಯುವ ಸುಖದಲ್ಲಿದೆ ಎನ್ನುತ್ತದೆ ಒಂದು ಗುಂಪು. ಇಲ್ಲ, ಪಾತ್ರಗಳಲ್ಲಿದೆ ಎನ್ನುತ್ತದೆ ಇನ್ನೊಂದು. ಒಬ್ಬ ಸರ್ಕಾರಿ ವಕೀಲೆಯ ಕೈಯಲ್ಲಿ ಚಾಟಿ, ಇನ್ನೊಬ್ಬ ವಕೀಲ ವಾದದ ನಡುವೆ ಕಪ್ಪಿನ ಮೇಲೆ ಕಪ್ಪು ಕಾಫಿ ಕುಡಿಯುತ್ತಾನೆ. ಇದು ಆಟವೇ ಅಲ್ಲ, ಗುಂಡಿ ಒತ್ತುತ್ತ ಓದುವ ಕಾದಂಬರಿ ಎಂದು ಮೂಗು ಮುರಿಯುವವರು ಬೇರೆ.

ಹೊಟ್ಟೆ ಉರಿಸುವವರು ಮಾತ್ರ ನಾಲ್ಕನೆಯವರು. ಇದು ವಾಸ್ತವಕ್ಕೆ ದೂರ ಎನ್ನುವವರು. ಯಾಕಂತೆ? ಗಿಳಿ ಸಾಕ್ಷಿ ಹೇಳುತ್ತದೆ. ಸತ್ತವರ ಆತ್ಮವನ್ನು ಕರೆಸುತ್ತಾರೆ.

ಗಿಳಿ ಇರಲಿ ಸ್ವಾಮಿ. ಆತ್ಮವೂ ಇರಲಿ. ಆಟದಲ್ಲಿ ಕೊಲೆ ಮೊಕದ್ದಮೆಯ ವಿಚಾರಣೆ ಮೂರು ದಿನಕ್ಕೆ ಮುಗಿಯುತ್ತದೆ. ಅದನ್ನು ಮಾತ್ರ ಹೇಗೆ ನುಂಗಿದಿರಿ?

ನಮ್ಮ ಕಲಬುರಗಿ ಜಿಲ್ಲೆಯ ಆಳಂದದ ಕೋರ್ಟಿನ ಮುಂದೆ, ಅಫಜಲಪುರದ ಕೋರ್ಟಿನ ಮುಂದೆ, ಜೇವರ್ಗಿಯ ಕೋರ್ಟಿನ ಮುಂದೆ, ಯಾವುದಾದರೂ ಚಹಾದಂಗಡಿಯಲ್ಲಿ ಕೂತು ಈ ಮಾತು ಹೇಳಿ ನೋಡಿ. 'ಮೂರು ದಿನ ಅಲ್ರಿ, ಮೂರು ತಲೆಮಾರು ಅನ್ರಿ' ಎಂದು ತಿದ್ದುತ್ತಾರೆ. ಅಪ್ಪ ಹೂಡಿದ ದಾವೆಗೆ ಮಗ ತಾರೀಖಿಗೆ ಬರುತ್ತಾನೆ. ಬದುವಿನ ಜಗಳ. ಬದು ಎಂದೋ ಕರಗಿ ಹೋಗಿದೆ, ಜಗಳ ಗಟ್ಟಿಯಾಗಿದೆ.

ಕಾನೂನು ಏನು ಹೇಳುತ್ತದೆ ಗೊತ್ತೇ? ಸಿವಿಲ್ ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಕೂಡದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇನ್ನೂ ಬಿಗಿ. ಕ್ರಿಮಿನಲ್ ಪ್ರಕರಣದಲ್ಲಿ ಎರಡೇ. ಓದಿದರೆ ಕಣ್ಣು ತುಂಬುತ್ತದೆ. ಸಂತೋಷಕ್ಕಲ್ಲ.

ಮೂರರ ಲೆಕ್ಕಕ್ಕೆ ಸುಪ್ರೀಂ ಕೋರ್ಟ್ 2005ರಲ್ಲಿ, ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ, ಒಂದು ಕಿಂಡಿ ಬಿಟ್ಟಿತು. ಪಕ್ಷಕಾರನ ಕೈಮೀರಿದ ಕಾರಣವಿದ್ದರೆ ನಾಲ್ಕನೆಯ ಸಲವೂ ಮುಂದೂಡಬಹುದು. ಅಂದಿನಿಂದ ದೇಶದಲ್ಲಿ ಎಲ್ಲ ಕಾರಣಗಳೂ ಕೈಮೀರಿದವೇ. ಬಾಕಿ ಉಳಿದ ಪ್ರಕರಣಗಳು 5 ಕೋಟಿ ದಾಟಿವೆ. ಅವೂ ಕೈಮೀರಿವೆ.

ಅಭಿಮಾನಿಗಳಿಗೆ ಇನ್ನೊಂದು ತಕರಾರಿದೆ. ಆಟದಲ್ಲಿ ಕೋರ್ಟಿನ ಭಾಗ ಮಜಾ, ತನಿಖೆಯ ಭಾಗ ಬೇಜಾರು. ಒಂದೇ ಕೋಣೆಗೆ ನಾಲ್ಕು ಸಲ ಹೋಗಬೇಕು. ಅದೇ ಮನುಷ್ಯನನ್ನು ಮತ್ತೆ ಮಾತಾಡಿಸಬೇಕು. ಅವನಿಗೆ ಏನೋ ತೋರಿಸಿದರೆ ಮಾತ್ರ ಬಾಯಿ ಬಿಡುತ್ತಾನೆ.

ಇದು ಆಟದ ದೋಷವಂತೆ. ನಮ್ಮಲ್ಲಿ ಇದಕ್ಕೆ ಕಚೇರಿ ಎನ್ನುತ್ತೇವೆ. ಪಹಣಿಯಲ್ಲಿ ಒಂದಕ್ಷರ ತಿದ್ದಿಸಲು ತಾಲ್ಲೂಕು ಕಚೇರಿಗೆ ಹೋದವನಿಗೆ ಕೇಳಿ. ಅವನೂ ಅದೇ ಕೋಣೆಗೆ ಹೋಗುತ್ತಾನೆ, ಅದೇ ಮನುಷ್ಯನನ್ನು ಮಾತಾಡಿಸುತ್ತಾನೆ. ಏನು ತೋರಿಸಿದರೆ ಬಾಯಿ ಬಿಡುತ್ತಾರೆ ಎಂಬುದು ಅವನಿಗೂ ಗೊತ್ತು. ಪುರಾವೆಯಂತೂ ಅಲ್ಲ.

ಜಾಣ ಅಭಿಮಾನಿಗಳು ಆಟವನ್ನು ಸಮರ್ಥಿಸಿಕೊಳ್ಳುವ ರೀತಿ ಬೇರೆ. ಇದು ಜಪಾನಿನ ನ್ಯಾಯವ್ಯವಸ್ಥೆಯ ವಿಡಂಬನೆ ಎನ್ನುತ್ತಾರೆ. ಈ ಮಾತಿಗೆ ತೂಕವಿದೆ. ಅಲ್ಲಿ ಕೋರ್ಟಿಗೆ ಬಂದ ಕ್ರಿಮಿನಲ್ ಪ್ರಕರಣಗಳಲ್ಲಿ ಶೇ 99ಕ್ಕಿಂತ ಹೆಚ್ಚಿನವು ಶಿಕ್ಷೆಯಲ್ಲೇ ಮುಗಿಯುತ್ತವೆ. ಆಟದಲ್ಲೂ ಒಬ್ಬ ಸರ್ಕಾರಿ ವಕೀಲನಿದ್ದಾನೆ, ನಲವತ್ತು ವರ್ಷ ಸೋಲೇ ಕಾಣದವನು. ಸೋಲದಿರುವುದು ಹೇಗೆಂದರೆ, ಪುರಾವೆಯನ್ನು ಅವನೇ ತಯಾರಿಸುತ್ತಾನೆ.

ಅತಿಯಾಯಿತು ಅನ್ನಿಸಿತೇ? ಇವಾವೊ ಹಕಮಾಡಾ ಎಂಬ ಮನುಷ್ಯನ ಕತೆ ಕೇಳಿ. ಒಂದು ಮನೆಯ ನಾಲ್ವರನ್ನು ಕೊಂದ ಆರೋಪದ ಮೇಲೆ 1966ರಲ್ಲಿ ಹಿಡಿದರು. ಒಂದು ವರ್ಷದ ಮೇಲೆ, ಸೋಯಾ ಕಾಳಿನ ಮಿಸೊ ಹುದುಗು ಹಾಕಿದ ತೊಟ್ಟಿಯಲ್ಲಿ ರಕ್ತದ ಕಲೆಯಿದ್ದ ಬಟ್ಟೆ 'ಸಿಕ್ಕವು'. 1968ರಲ್ಲಿ ಮರಣದಂಡನೆಯ ತೀರ್ಪು. ವರ್ಷಕ್ಕೂ ಹೆಚ್ಚು ಕಾಲ ಮಿಸೊದಲ್ಲಿ ಮುಳುಗಿದ್ದ ರಕ್ತ ಕೆಂಪಗೆ ಉಳಿಯುವುದು ಹೇಗೆ? ಏಸ್ ಅಟಾರ್ನಿ ಆಡುವ ಹುಡುಗ ಇದನ್ನು ಹತ್ತು ನಿಮಿಷದಲ್ಲಿ ಹಿಡಿಯುತ್ತಾನೆ. ಪುರಾವೆ ಸೃಷ್ಟಿಸಿದ್ದು ಎಂದು ಹೇಳಿ ಹಕಮಾಡಾರನ್ನು ಕೋರ್ಟು ಖುಲಾಸೆ ಮಾಡಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಬಂಧನವಾಗಿ 58 ವರ್ಷ ಕಳೆದ ಮೇಲೆ. ಆಗ ಅವರಿಗೆ 88.

ಜಪಾನಿನಲ್ಲಿ ಎಲ್ಲರಿಗೂ ಶಿಕ್ಷೆಯಾಗುತ್ತದೆ ಎಂಬ ದೂರು. ನಮ್ಮಲ್ಲಿ ಆ ದೂರಿಗೆ ಆಸ್ಪದವೇ ಇಲ್ಲ. ಇಲ್ಲಿ ಕೊಲೆಯಾಗುತ್ತದೆ, ಕೊಂದವರು ಇರುವುದಿಲ್ಲ.

ಕಂಬಾಲಪಲ್ಲಿ ನೆನಪಿದೆಯೇ? 2000ದ ಮಾರ್ಚ್ 11. ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕು. ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟು ಕೊಂದರು. ಹಗಲಿನಷ್ಟು ಸತ್ಯ. ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ಹೇಳಿಕೆ ತಿರುಗಿಸಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ತಾವಾಗಿಯೇ ಸುಟ್ಟುಕೊಂಡರು ಎಂದು ಬರೆಯುವುದೊಂದು ಬಾಕಿ.

ಪ್ರಾಣಭಯ, ಹೊಟ್ಟೆಪಾಡಿನ ಭಯ, ಗೌಡರ ಹೊಲದ ಕೂಲಿಯ ಭಯದಿಂದ ತಿರುಗಿದವರನ್ನು ನಾನು ಬೈಯುವುದಿಲ್ಲ. ಬೈಯಬೇಕಾದವರು ಭಯವೇ ಇಲ್ಲದವರು. ಅಂದರೆ ನಾವು.

ನಮ್ಮ ಕಡೆ ಅಪಘಾತವಾದರೆ ಮೊಬೈಲ್ ಹಿಡಿದವರು ನೂರು ಜನ. ಪೊಲೀಸರು ಬಂದು 'ಯಾರು ನೋಡೀರಿ?' ಎಂದರೆ ನೋಡಿದವರು ಸೊನ್ನೆ. 'ನಮಗ್ಯಾಕ ಬೇಕ್ರಿ ಉಸಾಬರಿ?' ಪಂಚನಾಮೆಗೆ ಸಹಿ ಹಾಕುವವನು ಸ್ಥಳಕ್ಕೇ ಹೋಗಿರುವುದಿಲ್ಲ. ಠಾಣೆಯ ಮುಂದೆ ಪಾನ್ ತಿನ್ನುತ್ತಿದ್ದವನನ್ನು ಕರೆದು ಹಾಕಿಸಿರುತ್ತಾರೆ. ನಾಲ್ಕು ವರ್ಷದ ಮೇಲೆ ಕಟಕಟೆಯಲ್ಲಿ ನಿಂತು ಅವನು 'ಸಹಿ ನಂದೇರಿ, ಓದಿಲ್ರಿ' ಎನ್ನುತ್ತಾನೆ. ಇಡೀ ಪ್ರಕರಣದಲ್ಲಿ ಅದೊಂದೇ ನಿಜ.

ಇದೇ ಊರಿನ ಹುಡುಗ ಮೊಬೈಲಿನಲ್ಲಿ ಸಾಕ್ಷಿಯ ಐದು ವಾಕ್ಯಗಳನ್ನು ಹತ್ತು ಸಲ ಓದುತ್ತಾನೆ. ಗಡಿಯಾರ ಹಿಂದಿತ್ತು ಎಂಬ ಸೂಕ್ಷ್ಮ ಹಿಡಿಯುತ್ತಾನೆ. ಅಣ್ಣನಿಗೆ ಅಪ್ಪ ಬರೆದುಕೊಟ್ಟ ಹೊಲದ ಕಾಗದದಲ್ಲಿ ತಾರೀಖು ತಪ್ಪಿದ್ದರೆ ಮಾತ್ರ ಕಾಣುವುದಿಲ್ಲ. ಅಕ್ಕನಿಗೂ ಪಾಲಿದೆ ಎಂದು 2005ರ ಉತ್ತರಾಧಿಕಾರ ತಿದ್ದುಪಡಿ ಹೇಳಿದ್ದು ಕಾಣುವುದೇ ಇಲ್ಲ. ಅಲ್ಲಿ ಅವನಿಗೆ ಯಾವ ಆಬ್ಜೆಕ್ಷನ್ನೂ ಇಲ್ಲ.

ಒಗಟು ಬೇಕೇ? ಆಳಂದಕ್ಕೆ ಬನ್ನಿ. ಜಪಾನಿನವರು ಬರೆಯಲಾರದಂಥದ್ದಿದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ, ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು 24. ಸುಳ್ಳು 5,994. ಲೆಕ್ಕ ನನ್ನದಲ್ಲ, ಚುನಾವಣಾ ಆಯೋಗದ್ದು. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಸುದ್ದಿಯಿಲ್ಲ. ಫೆಬ್ರವರಿಯಲ್ಲಿ ಎಫ್‌ಐಆರ್ ಆಯಿತು. ಮೇ ತಿಂಗಳಲ್ಲಿ ಚುನಾವಣೆ ಮುಗಿಯಿತು. ವಿಶೇಷ ತನಿಖಾ ತಂಡ ರಚನೆಯಾದದ್ದು 2025ರ ಸೆಪ್ಟೆಂಬರ್‌ನಲ್ಲಿ, ದೆಹಲಿಯಲ್ಲಿ ಗದ್ದಲವಾದ ಮೇಲೆ.

ಒಂದು ಪಕ್ಷ ಕಳ್ಳತನ ಎಂದಿತು. ಇನ್ನೊಂದು ನಾಟಕ ಎಂದಿತು. ಟಿ.ವಿ.ಯವರು ಎರಡನ್ನೂ ಮಾರಿಕೊಂಡರು. 5,994 ಸುಳ್ಳು ಅರ್ಜಿಗಳನ್ನು ಕೂತು ಟೈಪು ಮಾಡಿದ ಕೈ ಯಾವುದು ಎಂಬ ಒಂದೇ ಪ್ರಶ್ನೆಯನ್ನು ಪಕ್ಷ ಮರೆತು ಕೇಳಿದವರು ಎಷ್ಟು ಜನ? ಇವರ ಮನುಷ್ಯ ಇದ್ದರೆ ಅದು ಪುರಾವೆ, ಅವರ ಮನುಷ್ಯ ಇದ್ದರೆ ಪಿತೂರಿ. ಸುಳ್ಳು ಹಿಡಿಯುವ ಸುಖ ಎಂದಿರಲ್ಲ, ಇಲ್ಲಿ ಯಾಕೆ ಸುಖವಾಗಲಿಲ್ಲ?

ಇನ್ನು ಅಫಜಲಪುರ, ಜೇವರ್ಗಿಯ ದಂಡೆಯ ಭೀಮಾ. ಅದೂ ಕೋರ್ಟಿನಲ್ಲೇ ಹರಿಯುತ್ತದೆ. ಅದು ಕೂಡುವ ಕೃಷ್ಣೆಯ ನೀರು ಹಂಚಲು ಎರಡನೆಯ ನ್ಯಾಯಮಂಡಳಿ ಕೂತದ್ದು 2004ರಲ್ಲಿ. ತೀರ್ಪು ಕೊಟ್ಟದ್ದು 2010ರ ಡಿಸೆಂಬರ್ 30ರಂದು. ಮರುವರ್ಷವೇ ಅಧಿಸೂಚನೆಗೆ ಸುಪ್ರೀಂ ಕೋರ್ಟ್ ತಡೆ. 2013ರಲ್ಲಿ ಇನ್ನೊಂದು ವರದಿ. ಗೆಜೆಟ್ ಇನ್ನೂ ಬರಬೇಕು. 2010ರಲ್ಲಿ ಹುಟ್ಟಿದ ಮಗುವಿಗೆ ಮೀಸೆ ಬಂತು. ಅಷ್ಟರೊಳಗೆ ಬೇಸಿಗೆಯಲ್ಲಿ ಉಜನಿ ಅಣೆಕಟ್ಟಿನ ಗೇಟಿನತ್ತ ನೋಡುವುದು, 2020ರ ಅಕ್ಟೋಬರ್‌ನಂಥ ಮಳೆಯಲ್ಲಿ ಅದೇ ಗೇಟಿನ ನೀರಿಗೆ ತೊಗರಿ, ಕಬ್ಬು, ಮನೆ ಒಪ್ಪಿಸುವುದು. ನದಿಗೆ ಮಾತ್ರ ಮುಂದೂಡಿಕೆ ಗೊತ್ತಿಲ್ಲ.

ಹೈಕೋರ್ಟ್ ಪೀಠವನ್ನಾದರೂ ಸುಮ್ಮನೆ ಕೊಟ್ಟರೇ? ಕಲಬುರಗಿಗೆ ಸಂಚಾರಿ ಪೀಠ ಬಂದದ್ದು 2008ರ ಜುಲೈಯಲ್ಲಿ, ಕಾಯಂ ಆದದ್ದು 2013ರ ಆಗಸ್ಟ್‌ನಲ್ಲಿ. ಸಂಚಾರಿ ಪೀಠ ಬರುವ ತನಕ ಜೇವರ್ಗಿಯ ರೈತ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ರೈಲು ಹತ್ತುತ್ತಿದ್ದ. ಈಗ ಪೀಠ ಹತ್ತಿರ ಬಂದಿದೆ. ಸಂವಿಧಾನದ 348ನೇ ವಿಧಿಯ ಪ್ರಕಾರ ಅಲ್ಲಿನ ವಾದ ಇಂಗ್ಲಿಷಿನಲ್ಲಿ. ತನ್ನ ಹೊಲದ ಬಗ್ಗೆ ಇಬ್ಬರು ವಕೀಲರು ಅರ್ಧ ಗಂಟೆ ಮಾತಾಡಿದ್ದನ್ನು ಕೈಕಟ್ಟಿ ಕೇಳಿ, ಹೊರಗೆ ಬಂದು 'ಏನಾತ್ರಿ ವಕೀಲ್ ಸಾಹೇಬ್ರ?' ಎಂದು ವಿಚಾರಿಸುತ್ತಾನೆ. ಉತ್ತರ ಒಂದು ತಾರೀಖು. ಈ ಪ್ರದೇಶಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಹೆಸರಿಡುವ ಕೆಲಸಕ್ಕೆ ಮುಂದೂಡಿಕೆ ಬೇಕಾಗಲಿಲ್ಲ.

ಅಷ್ಟು ಕೋರ್ಟಿನ ಹುಚ್ಚಿದ್ದರೆ ಅಸಲಿ ಕೋರ್ಟು ಪುಕ್ಕಟೆ ಇದೆ. ಕರ್ನಾಟಕ ಹೈಕೋರ್ಟ್ 2021ರಿಂದ ಕಲಾಪವನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುತ್ತಿದೆ. ಈ ಕೋರ್ಟಿನ ಅಭಿಮಾನಿಗಳು ಏನು ಮಾಡಿದರು? ನ್ಯಾಯಮೂರ್ತಿಗಳು ಯಾರಿಗೋ ಗದರಿದ ಮೂವತ್ತು ಸೆಕೆಂಡ್ ಕತ್ತರಿಸಿದರು. ಹಿಂದೆ ಡೋಲು ಬಡಿದರು. ಮೇಲೆ ಬೆಂಕಿಯ ಚಿತ್ರ ಅಂಟಿಸಿದರು. ವಾದವೇನು, ಕಾನೂನೇನು, ಸೋತವನ ಪಾಡೇನು, ಯಾರಿಗೂ ಬೇಡ. ತುಣುಕುಗಳ ದುರ್ಬಳಕೆ ನಿಲ್ಲಿಸಿ ಎಂದು 2024ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟೇ ಆದೇಶ ಕೊಡಬೇಕಾಯಿತು. ನ್ಯಾಯಾಲಯವನ್ನು ಆಟ ಮಾಡಲು ಜಪಾನಿಗೆ ಒಂದು ಕಂಪನಿ ಬೇಕಾಯಿತು. ನಮಗೆ ಒಂದು ಮೊಬೈಲ್ ಸಾಕಾಯಿತು.

ನಮ್ಮ ಸಿನಿಮಾದ ಕೋರ್ಟು ಇನ್ನೂ ಒಂದು ಕೈ ಮೇಲು. ಅಲ್ಲಿ ಗೀತೆಯ ಮೇಲೆ ಕೈಯಿಟ್ಟು ಆಣೆ, ಮೇಜಿನ ಮೇಲೆ ಸುತ್ತಿಗೆ. ಅಸಲಿ ಕೋರ್ಟಿನಲ್ಲಿ ಎರಡೂ ಇಲ್ಲ. ಗೀತೆಯಿಲ್ಲದೆ ಸುಳ್ಳು ಹೇಳುವುದು ಇನ್ನೂ ಸಲೀಸು.

ಹಾಗೆಂದು ಎಲ್ಲರೂ ತಿರುಗಿದರು ಎಂದೂ ಅಲ್ಲ. ಕೊಪ್ಪಳದ ಕೋರ್ಟು 2024ರ ಅಕ್ಟೋಬರ್‌ನಲ್ಲಿ ಮರಕುಂಬಿಯ ದಲಿತರ ಮೇಲಿನ ದಾಳಿಯ ಪ್ರಕರಣದಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಘಟನೆ 2014ರದ್ದು. ಹತ್ತು ವರ್ಷ ಅದೇ ಊರಿನಲ್ಲಿ, ಅದೇ ಓಣಿಯಲ್ಲಿ ಬದುಕುತ್ತ, ಕಡೆಗೆ ಕಟಕಟೆಯಲ್ಲಿ ನಿಂತು ಹೆಸರು ಹೇಳಿದವರಿದ್ದರು. ಅವರು ಗೇಮ್ ಆಡಿದ್ದರೋ ಇಲ್ಲವೋ ಗೊತ್ತಿಲ್ಲ. ತೀರ್ಪಿನ ಮೇಲೆ ಮೇಲ್ಮನವಿ ಆಯಿತು, ಆ ಮಾತು ಬೇರೆ. ತಿರುಗದೆ ನಿಂತದ್ದು ಮಾತ್ರ ದಾಖಲೆಯಲ್ಲಿದೆ.

ಆದ್ದರಿಂದ ಅಭಿಮಾನಿ ಮಹಾಶಯರೇ, ಚರ್ಚೆ ಮುಂದುವರಿಸಿ. ಚಾಟಿಯವಳು ಮೇಲೋ, ಕಾಫಿಯವನು ಮೇಲೋ, ನಿರ್ಧರಿಸಿ. ನನ್ನ ತಕರಾರಿಲ್ಲ. ನಿಮ್ಮ ಹೆಸರಿಗೆ ಸಾಕ್ಷಿ ಸಮನ್ಸ್ ಹಿಡಿದು ಪೊಲೀಸಪ್ಪ ಬಾಗಿಲಿಗೆ ಬಂದ ದಿನ, 'ಊರಾಗಿಲ್ರಿ, ಪುಣೆಕ್ಕ ಹೋಗ್ಯಾನ' ಎಂದು ಅವ್ವನ ಬಾಯಲ್ಲಿ ಹೇಳಿಸಬೇಡಿ. ಹೊರಗೆ ಬಂದು ಸಹಿ ಹಾಕಿ, ತಾರೀಖಿಗೆ ಹೋಗಿ, ನೋಡಿದ್ದನ್ನು ಹೇಳಿ.